ನಾಲ್ಕು ಬೋಲ್ಟು

ಬೋಟು ನಡುನೀರಿನಲ್ಲಿ ಕಿವಿ ಕಿತ್ತುಹೋಗುವಂತೆ ಒದರುತ್ತಿತ್ತು. ಮಲ್ಲೇಶ್ವರಿ ಇಂಜಿನ್ನಿನ ಪೆಟ್ಟಿಗೆಯ ಮುಂದೆ ಮೊಣಕಾಲೂರಿ, ಮೊಳದುದ್ದದ ಬಿದಿರುಕೋಲಿನ ಒಂದು ತುದಿಯನ್ನು ಮುಚ್ಚಳದ ಸಂದಿನಿಂದ ಒಳಗಿನ ಕಬ್ಬಿಣಕ್ಕೂ ಇನ್ನೊಂದನ್ನು ಕಿವಿಗೂ ಒತ್ತಿಕೊಂಡು ಕಣ್ಣು ಮುಚ್ಚಿ ಕೂತಿದ್ದಳು. ಸೀರೆಯ ಮೇಲೆ ಗಂಡನ ಹಳೆಯ ಖಾಕಿ ಅಂಗಿ, ಅಂಗಿಯ ಜೇಬಿನಲ್ಲಿ ಬೋಲ್ಟು ಬಿಚ್ಚುವ ಪಾನಾ. ಸ್ಟೇರಿಂಗು ಹಿಡಿದಿದ್ದ ಸಂಜುಕುಮಾರನಿಗೆ ನಗು ತಡೆಯಲಾಗಲಿಲ್ಲ. ಇಪ್ಪತ್ತು ವರ್ಷ ಲಾರಿ ಓಡಿಸಿದ ಆಸಾಮಿ ಅವನು. ಇಂಜಿನ್ನಿನ ನಾಡಿ ಹಿಡಿಯುವ ಹೆಂಗಸನ್ನು ಕಂಡದ್ದು ಇದೇ ಮೊದಲು.

"ಏನಂತದ ತಂಗಿ? ಏನರೆ ಮಾತಾಡಾಕತ್ತದೇನು?" ಎಂದು ಕೂಗಿದ.

"ಮಾತಾಡಾಕತ್ತದ ಅಣ್ಣಾ. ನಿನ್ನ ಬೈಯಾಕತ್ತದ. ನೀ ಸುಮ್ಕ ಹೊಡಿ."

ಬೋಟು ಮಹೇಶಕುಮಾರನದು. ನಾರಾಯಣಪುರದ ಹಿನ್ನೀರಿನಲ್ಲಿ ಬೋಟು ಓಡಿಸುವ ಗುತ್ತಿಗೆ ಹಿಡಿದು, ಗೋವಾದಿಂದ ಯಾರೋ ಬಳಸಿಬಿಟ್ಟದ್ದನ್ನು ಲಾರಿಯ ಮೇಲೆ ಹೇರಿಸಿಕೊಂಡು ಬಂದಿದ್ದ. ಕಾಲಿಗೆ ಹಲಗೆ ಕಟ್ಟಿಕೊಂಡು ನೀರಿನ ಮೇಲೆ ನಿಂತವರನ್ನು ಹಗ್ಗದಿಂದ ಎಳೆದೊಯ್ಯುವ ಬೋಟು ಅದು. ಹಲಗೆಯ ಮೇಲೆ ನಿಲ್ಲಲು ಹೋದವರು ಮೂರು ಸಲ ಮುಗ್ಗರಿಸಿ, ನಾಲ್ಕು ಗುಟುಕು ಕೃಷ್ಣೆಯ ನೀರು ಕುಡಿದು ಮೇಲೆ ಬರುತ್ತಿದ್ದರು. ಬೋಟಿನಲ್ಲಿ ಸುಮ್ಮನೆ ಕೂತವರ ಪಾಡೂ ಇದಕ್ಕಿಂತ ಮೇಲೇನಲ್ಲ. ಒಂದು ಸುತ್ತು ಮುಗಿಸಿ ಇಳಿದವರು ಒಂದು ಕೈ ಸೊಂಟದ ಮೇಲೆ, ಇನ್ನೊಂದು ಕೈ ಕಿವಿಯ ಮೇಲೆ ಇಟ್ಟುಕೊಂಡೇ ಇಳಿಯುತ್ತಿದ್ದರು. ಹೈದರಾಬಾದಿನ ಪ್ರವಾಸಿ ಕಂಪನಿಯವರು ಒಮ್ಮೆ ಕೂತು ನೋಡಿ, ಈ ಸದ್ದು, ಈ ಕುಲುಕಾಟ ನಿಂತರೆ ಇಡೀ ಹಂಗಾಮಿಗೆ ಜನ ಕಳಿಸುತ್ತೇವೆ, ನಿಲ್ಲದಿದ್ದರೆ ನಮಸ್ಕಾರ ಎಂದು ಹೋಗಿದ್ದರು. ಇನ್ನೈದು ದಿನಕ್ಕೆ ಮತ್ತೆ ಬರುವವರಿದ್ದರು.

ಇಬ್ಬರು ಮಿಸ್ತ್ರಿಗಳು ಬಂದು ನೋಡಿ, ಇಂಜಿನ್ನೇ ಬದಲಿಸಬೇಕು ಎಂದು ಕೈ ಒರೆಸಿಕೊಂಡು ಹೋದರು. ಆಗ ಯಾರೋ ರಂಗಂಪೇಟೆಯ ಹೆಂಗಸಿನ ಹೆಸರು ಹೇಳಿದರು. ಮಲ್ಲೇಶ್ವರಿಯ ಗಂಡನಿಗೆ ಅಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇತ್ತು. ಅವನ ಬಲಗೈ ಬೆಲ್ಟಿಗೆ ಸಿಕ್ಕು ಮೂರು ಬೆರಳು ಹೋದ ಮೇಲೆ ಪಾನಾ ಇವಳ ಕೈಗೆ ಬಂತು. ಗಂಡನಿಗೆ ಕೆಲಸ ಕಲಿಸಿದ್ದ ಶಹಾಪುರದ ಗಯಾಸ ಉಸ್ತಾದರೇ ಇವಳಿಗೂ ಕಲಿಸಿದರು. ಕಿವಿಗೆ ಕೋಲು ಹಚ್ಚುವುದನ್ನೂ ಅವರೇ ಹೇಳಿಕೊಟ್ಟದ್ದು. ಇನ್ನೊಂದು ಮಾತನ್ನೂ ಕಲಿಸಿದ್ದರು: ಒಬ್ಬ ಮಿಸ್ತ್ರಿ ಬಿಚ್ಚಿದ ಇಂಜಿನ್ನಿಗೆ, ಅವನು 'ಕೈ ಬಿಟ್ಟೆ' ಎಂದು ತನ್ನ ಬಾಯಿಂದ ಹೇಳುವ ತನಕ ಇನ್ನೊಬ್ಬ ಮಿಸ್ತ್ರಿ ಪಾನಾ ಹಚ್ಚಬಾರದು. ಶಹಾಪುರದಿಂದ ಕೆಂಭಾವಿಯ ತನಕ ಈ ಕಟ್ಟಳೆ ಮೀರಿದವರಿಗೆ ಉಳಿದವರು ಚಹಾ ಕೂಡ ಕುಡಿಸುವುದಿಲ್ಲ. ಅದಕ್ಕೇ ಮಲ್ಲೇಶ್ವರಿ ಬೋಟು ಮುಟ್ಟುವ ಮೊದಲು ಆ ಇಬ್ಬರಿಗೂ ಫೋನು ಹಚ್ಚಿ, ಕೈ ಬಿಟ್ಟಿದ್ದಾರೆಂದು ಅವರ ಬಾಯಿಂದಲೇ ಕೇಳಿಕೊಂಡಿದ್ದಳು. ಮಹೇಶಕುಮಾರನಿಗೆ ಇದು ದೊಡ್ಡ ತಮಾಷೆಯಾಗಿ ಕಂಡಿತ್ತು.

ಬೋಟು ದಂಡೆಗೆ ಬಂದದ್ದೇ ಅವಳು ಪೆಟ್ಟಿಗೆಯ ಮುಚ್ಚಳ ಎತ್ತಿದಳು. ಒಳಗಿನಿಂದ ಸುಟ್ಟ ಬಟ್ಟೆಯ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ಇಂಜಿನ್ನಿನ ಸುತ್ತ ಯಾರೋ ಒಂದು ಕೌದಿ ತುರುಕಿದ್ದರು. ಅಂಚೆಲ್ಲ ಕರಕಾಗಿ, ನಡುವೆ ಎಣ್ಣೆ ಕುಡಿದಿತ್ತು.

"ಇದ್ಯಾರ ಮನಿ ಕೌದಿ?"

ಸಂಜುಕುಮಾರ ಆಚೆ ಈಚೆ ನೋಡಿದ. "ನಮ್ಮತ್ತಿ ಹೊಲದಿದ್ದು. ಸದ್ದು ಕಮ್ಮಿ ಆಗ್ತದಂತ ಹಾಕಿದ್ನಿ."

"ಸದ್ದು ಕಮ್ಮಿ ಆಗೂದಲ್ಲಣ್ಣ, ಕೂತ ಮಂದಿನೇ ಕಮ್ಮಿ ಆಗ್ತಿದ್ರು. ಎಣ್ಣಿ ಹತ್ತಿದ ಅರಿವಿ, ಬೆಂಕಿಯಂಥ ಇಂಜಿನ್ನು. ನಿಮ್ಮತ್ತಿಗಿ ಮಕ ತೋರ್ಸೂದರ ಹೆಂಗ ಅಂತ ನೋಡ್ಕೋ ಈಗ."

ಸಂಜುಕುಮಾರ ಆಮೇಲೆ ಅವಳ ಕೋಲನ್ನು ನೋಡಿ ನಗಲಿಲ್ಲ.

ಕೋಲು ಹೇಳಿದ್ದು ಇಷ್ಟು. ಇಂಜಿನ್ನು ಕೂತಿದ್ದ ನಾಲ್ಕು ರಬ್ಬರುಗಳು ಒಣಗಿ ಪುಡಿಯಾಗಿ, ಕಬ್ಬಿಣದ ಮೇಲೆ ಕಬ್ಬಿಣ ಕುಣಿಯುತ್ತಿದೆ. ಇಂಜಿನ್ನಿನ ತುದಿ ಮತ್ತು ನೀರೊಳಗೆ ಬೋಟನ್ನು ನೂಕುವ ಪಂಖ ತಿರುಗಿಸುವ ಉದ್ದನೆಯ ಸಲಾಕೆ, ಎರಡೂ ಒಂದೇ ಗೆರೆಯಲ್ಲಿಲ್ಲ. ಪಂಖದ ಒಂದು ಎಸಳು ಬಾಗಿದೆ. ಪೆಟ್ಟಿಗೆಯ ಮುಚ್ಚಳದ ಸುತ್ತ ಬೆರಳು ಹೋಗುವಷ್ಟು ಸಂದು. ಇಷ್ಟು ಸಾಲದೆಂಬಂತೆ ಮಹೇಶಕುಮಾರ ಯಾವುದೋ ವಿಡಿಯೋ ನೋಡಿ, ದೊಡ್ಡ ಅಲೆ ಏಳಲಿ ಎಂದು ಬೋಟಿನ ಹಿಂಭಾಗದಲ್ಲಿ ಹನ್ನೆರಡು ಮರಳಿನ ಚೀಲ ಪೇರಿಸಿದ್ದ. ಭಾರಕ್ಕೆ ಹಿಂಭಾಗ ಕುಸಿದು, ಮೂತಿ ಆಕಾಶಕ್ಕೆ ಎದ್ದು, ಪ್ರತಿ ಅಲೆಗೂ ದಬ್ಬೆಂದು ಬೀಳುತ್ತಿತ್ತು. ಹರಿಗೋಲಿನಲ್ಲಿ ಹುಟ್ಟಿ ಬೆಳೆದವಳಿಗೆ ಇದನ್ನು ಯಾವ ಉಸ್ತಾದನೂ ಹೇಳಿಕೊಡಬೇಕಿರಲಿಲ್ಲ. ಎಲ್ಲರೂ ಒಂದೇ ಕಡೆ ಕೂತರೆ ಏನಾಗುತ್ತದೆಂದು ಆ ದಂಡೆಯ ಮೂರು ವರ್ಷದ ಕೂಸೂ ಹೇಳುತ್ತದೆ.

ಹೌದು, ಅವಳ ತವರು ಅದೇ ದಂಡೆ. ಹನ್ನೊಂದು ಅಂಬಿಗರ ಮನೆಗಳಲ್ಲಿ ಒಂದು ಅವಳ ತಾಯಿ ಭೀಮವ್ವನದು. ಅರವತ್ತು ದಾಟಿದರೂ ನಸುಕಿನಲ್ಲಿ ಒಬ್ಬಳೇ ಹರಿಗೋಲು ಹಾಕಿ ಬಲೆ ಎಳೆದು, ಸಂತೆಯ ದಿನ ಕೆಂಭಾವಿಗೆ ಮೀನಿನ ಬುಟ್ಟಿ ಒಯ್ಯುವವಳು. ಆ ಸಂಜೆ ಮಗಳಿಗೆ ಜೋಳದ ರೊಟ್ಟಿ ಬಡಿದುಹಾಕುತ್ತ ಒಂದೇ ಮಾತು ಹೇಳಿದಳು.

"ಅದರ ಬಾಯಿ ಮುಚ್ಚಸವ್ವ. ಅದು ಒದರಿದ ದಿನ ಮೀನ ತಳಕ್ಕ ಹೋಗ್ತಾವ. ನನ್ನ ತಲಿ ಗಿಂವ್ ಅಂತದ. ನಿನ್ನ ಕೈಗಿ ಪುಣ್ಯ ಬರ್ಲಿ."

"ಮುಚ್ಚಸ್ತೀನವ್ವ. ಪಿಸುಮಾತಾಡೂ ಹಂಗ ಮಾಡ್ತೀನಿ."

ಆಡಿದಂತೆ ಮಾಡಿದಳು. ಯಾದಗಿರಿಯ ದಾಲ್ ಮಿಲ್ಲಿನಿಂದ ಹಳೆಯ ಬೆಲ್ಟು ತರಿಸಿ, ಕತ್ತರಿಸಿ, ಪೆಟ್ಟಿಗೆಯ ಒಳಗೋಡೆಗೆಲ್ಲ ಎರಡು ಪದರ ಬಡಿದಳು. ಮೆತ್ತಗಿರುವುದು ಸದ್ದನ್ನು ಹಿಡಿಯುವುದಿಲ್ಲ, ಭಾರವಿರುವುದು ಹಿಡಿಯುತ್ತದೆ ಎಂದು ಸಂಜುಕುಮಾರನಿಗೆ ಹೇಳುತ್ತ ಮುಚ್ಚಳದ ಅಂಚಿಗೆ ಟ್ರ್ಯಾಕ್ಟರಿನ ಟ್ಯೂಬು ಕೊಯ್ದು ಅಂಟಿಸಿದಳು. ಗಾಳಿ ಎಳೆದುಕೊಳ್ಳಲು ಡೊಂಕಾದ ಒಂದು ದಾರಿ ಬಿಟ್ಟಳು. ಗಾಳಿ ತಿರುಗಿ ಹೋಗುತ್ತದೆ, ಸದ್ದಿಗೆ ತಿರುಗಲು ಬರುವುದಿಲ್ಲ. ಹಿಟ್ಟಿನ ಗಿರಣಿಯ ಬುಡಕ್ಕೆ ಹಾಕುವ ದಪ್ಪ ರಬ್ಬರನ್ನು ಇಂಜಿನ್ನಿನ ಕೆಳಗಿಟ್ಟಳು. ಪಂಖವನ್ನು ಬಿಚ್ಚಿ ಬಾಗಿದ ಎಸಳನ್ನು ತಟ್ಟಿ ತಟ್ಟಿ ಉಳಿದೆರಡಕ್ಕೆ ಸರಿದೂಗಿಸಿದಳು. ಕೊನೆಗೆ ಒಂದಿಡೀ ದಿನ ಹೊಟ್ಟೆಯ ಮೇಲೆ ಮಲಗಿ, ಬ್ಲೇಡಿನಷ್ಟು ತೆಳ್ಳಗಿನ ತಗಡು ತೂರಿಸಿ ನೋಡುತ್ತ, ಇಂಜಿನ್ನನ್ನೂ ಸಲಾಕೆಯನ್ನೂ ಒಂದೇ ಗೆರೆಗೆ ತಂದು, ಅವೆರಡನ್ನೂ ಹಿಡಿದಿಡುವ ನಾಲ್ಕು ಬೋಲ್ಟುಗಳನ್ನು ಬಿಗಿದಳು. ಮರಳಿನ ಚೀಲಗಳಲ್ಲಿ ಐದನ್ನು ಹೊರಗೆಸೆದು, ನಾಲ್ಕನ್ನು ಮುಂದಕ್ಕೆ ಸರಿಸಿ, ಮೂರನ್ನಷ್ಟೇ ಹಿಂದೆ ಬಿಟ್ಟಳು. ಇಷ್ಟು ಚಂದದ ಕೆಲಸ ಈ ತನಕ ತಾನು ಮಾಡಿರಲಿಲ್ಲ ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದುದರಿಂದ ಆ ರಾತ್ರಿ ಗಂಡನಿಗೆ ಫೋನು ಮಾಡಿ ಸ್ವಲ್ಪ ಹೆಚ್ಚೇ ಜಂಬ ಕೊಚ್ಚಿಕೊಂಡಳು.

ಐದನೆಯ ದಿನ ಹೊತ್ತು ಮೂಡುವಾಗ ಪರೀಕ್ಷೆ. ಹೈದರಾಬಾದಿನವರು ಹತ್ತು ಗಂಟೆಗೆ ಬರುವವರಿದ್ದರು. ಮಹೇಶಕುಮಾರ ಇಂಜಿನ್ನಿನ ಪೆಟ್ಟಿಗೆಯ ಮೇಲೆ ತುಂಬಿದ ಚಹಾದ ಲೋಟ ಇಟ್ಟ. ಬೋಟು ಹೊರಟು, ವೇಗ ಹಿಡಿದು, ಅಲೆ ಏರಿ ಇಳಿಯಿತು. ಲೋಟದ ಅಂಚಿನಲ್ಲಿ ಚಹಾ ನಡುಗಿತೇ ಹೊರತು ಚೆಲ್ಲಲಿಲ್ಲ. ಅವನು ಫೋನಿನಲ್ಲಿ ಹೆಂಡತಿಯೊಂದಿಗೆ ಕೂಗದೆ ಮಾತಾಡಿದ. ಆಕೆಗೆ ಗಂಡ ಬೋಟಿನಲ್ಲಿದ್ದಾನೆಂದು ನಂಬಿಕೆಯೇ ಬರಲಿಲ್ಲವಂತೆ.

"ಭೇಷ್!" ಎಂದ ಮಹೇಶಕುಮಾರ. "ಸಂಜು, ಬಂಡಿ ಸುತ್ತ ಹೊಡಿಯೋ. ಪೂರಾ ಬಿಡು."

ಹಿನ್ನೀರಿನ ನಡುವೆ ಆನೆಗಾತ್ರದ ಕಪ್ಪು ಬಂಡೆಯೊಂದಿದೆ. ಸಂಜುಕುಮಾರ ಅದನ್ನು ಬಳಸಿ ಬೋಟು ತಿರುಗಿಸಿದ. ತಿರುಗಿಸಿದ್ದೇ ತಡ, ಎದುರಿಗೆ, ಇಪ್ಪತ್ತು ಮಾರು ದೂರದಲ್ಲಿ, ಒಂದು ಹರಿಗೋಲು. ಅದರಲ್ಲಿ ಕುಕ್ಕರಗಾಲಿನಲ್ಲಿ ಕೂತು, ಇತ್ತ ಬೆನ್ನು ಮಾಡಿ ಬಲೆ ಎಳೆಯುತ್ತಿರುವ ಭೀಮವ್ವ.

"ಅವ್ವಾ!" ಎಂದು ಮಲ್ಲೇಶ್ವರಿ ಚೀರಿದಳು. ಸಂಜುಕುಮಾರ ಇದ್ದಬದ್ದ ಬಲವೆಲ್ಲ ಹಾಕಿ ಸ್ಟೇರಿಂಗು ತಿರುವಿದ. ಬೋಟು ವಾಲಿ, ಹರಿಗೋಲಿನ ಬಿದಿರಿನ ಅಂಚಿಗೆ ಒಂದು ಗೇಣು ಬಿಟ್ಟು ಹಾಯಿತು. ಅದರ ಹಿಂದಿನ ಅಲೆ ಹರಿಗೋಲನ್ನು ಎತ್ತಿ ಮಗುಚಿತು. ಭೀಮವ್ವ ನೀರೊಳಗೆ ಹೋದಳು.

ಮಲ್ಲೇಶ್ವರಿ ಸೀರೆ ಅಂಗಿ ಸಮೇತ ಹಾರಿದಳು. ಮುದುಕಿ ಮುಳುಗುವವಳಲ್ಲ, ಆದರೆ ಬಲೆ ಕಾಲಿಗೆ ಸುತ್ತಿಕೊಂಡಿತ್ತು. ಅದನ್ನು ಹಲ್ಲಿನಿಂದಲೂ ಉಗುರಿನಿಂದಲೂ ಬಿಡಿಸಿ, ತಾಯಿಯನ್ನು ಬೋಟಿನ ಅಂಚಿಗೆ ತಂದು ಮೇಲೆತ್ತುವಷ್ಟರಲ್ಲಿ ಮಗಳ ಕೈಕಾಲು ಸೋತುಹೋಗಿದ್ದವು. ಭೀಮವ್ವ ಕೆಮ್ಮಿ ಕೆಮ್ಮಿ ನೀರು ಕಾರಿದಳು.

"ಬಂದಿದ್ದು ಕೇಳಿಸಲೇ ಇಲ್ಲಲ್ಲೇ," ಎಂದಳು. ದೂರಿನ ದನಿಯೇನಲ್ಲ, ಅವಳಿಗೆ ಬೆರಗಾಗಿತ್ತು.

"ಕಣ್ಣಿರಲಿಲ್ಲೇನು? ಹಿಂದ ಮುಂದ ನೋಡಬಾರದೇನಬೇ?" ಎಂದ ಮಹೇಶಕುಮಾರ. ಅವನ ಮುಖವೂ ಬಿಳಿಚಿತ್ತು, ಆದರೆ ಬಾಯಿ ಮಾತ್ರ ತನ್ನ ಜಾಗದಲ್ಲೇ ಇತ್ತು.

ಬಲೆ ಎಳೆಯುವವರ ಕಣ್ಣು ಬಲೆಯ ಮೇಲಿರುತ್ತದೆ. ಬೆನ್ನ ಹಿಂದಿನದನ್ನು ಕಾಯುವುದು ಕಿವಿ. ಬೋಟು ಒದರುತ್ತಿದ್ದಷ್ಟು ದಿನ ಹನ್ನೊಂದು ಮನೆಯವರೂ ಅದನ್ನು ಬೈದರು, ಶಪಿಸಿದರು, ಮತ್ತು ಒದರಾಟ ಹತ್ತಿರವಾದಾಗ ಹುಟ್ಟು ಹಾಕಿ ಪಕ್ಕಕ್ಕೆ ಸರಿದರು. ಬಾಯಿ ಮುಚ್ಚಿಸೆಂದು ತಾಯಿ ಕೇಳಿದಳು, ಮಗಳು ಮುಚ್ಚಿಸಿದಳು. ಹೊಳೆಯ ಮಕ್ಕಳಾಗಿ ಇಬ್ಬರಿಗೂ ಇದು ಹೊಳೆಯಲಿಲ್ಲವಲ್ಲ ಎಂದು ಮಲ್ಲೇಶ್ವರಿಗೆ ತನ್ನ ಮೇಲೇ ಸಿಟ್ಟು ಬಂತು.

ದಂಡೆಗೆ ಬಂದ ಮೇಲೆ ಅವಳು ಮೊದಲು ತಾಯಿಗೆ ಒಣ ಸೀರೆ ಸುತ್ತಿದಳು. ಆಮೇಲೆ ಮಹೇಶಕುಮಾರನ ಎದುರು ನಿಂತಳು.

"ಸಾವ್ಕಾರ್ರ, ಬಂಡಿ ಆಚೀಕಿ ಬೋಟ ಹೋಗಬಾರದ್ರಿ. ನಡುವ ಹಗ್ಗ ಕಟ್ಟಿ, ಪೀಪಾಯಿ ತೇಲಿ ಬಿಡ್ರಿ. ಆಚೀಕಿಂದು ಬಲಿ ಹಾಕೋರಿಗಿ, ಈಚೀಕಿಂದು ನಿಮಗ."

"ಹುಚ್ಚು ಹಿಡದದೇನು? ಬೋಟ ಓಡ್ಸಾಕ ಪೂರಾ ನೀರಿಗಿ ಗುತ್ತಿಗಿ ಹಿಡದೀನಿ ನಾನು. ಅರ್ಧ ನೀರು ಬಿಟ್ಟುಕೊಟ್ಟು ಕೂಡ್ಲಾ? ನಿನ್ನ ಕೆಲಸ ಮುಗೀತು, ಛಲೋ ಮಾಡಿದಿ. ಮನಿಗಿ ಹೋಗು."

"ನನ್ನ ಕೆಲಸ ಮುಗಿದಿಲ್ರಿ," ಎಂದು ಅವಳು ಬೋಟು ಹತ್ತಿದಳು.

ಏನೋ ಒರೆಸಲು ಹೋದಳೆಂದು ಅವನು ತಿಳಿದ. ಅವಳು ಮುಚ್ಚಳ ಎತ್ತಿ, ಹಿಂದಿನ ದಿನವಷ್ಟೇ ಬಿಗಿದ ಆ ನಾಲ್ಕು ಬೋಲ್ಟುಗಳನ್ನು ಒಂದೊಂದಾಗಿ ಬಿಚ್ಚಿ, ಇಂಜಿನ್ನಿನ ಕೆಳಗಿನ ಒಂದೆರಡು ತಿರುಪನ್ನೂ ಸಡಿಲಿಸಿ ಗೆರೆ ತಪ್ಪಿಸಿ, ಬೋಲ್ಟುಗಳನ್ನು ಒದ್ದೆ ಖಾಕಿ ಅಂಗಿಯ ಜೇಬಿಗಿಳಿಸಿ ಕೆಳಗಿಳಿದಳು. ಈಗ ಇಂಜಿನ್ನು ಎಷ್ಟು ಓಡಿದರೂ ಪಂಖ ತಿರುಗುವುದಿಲ್ಲ. ಮಹೇಶಕುಮಾರನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

"ಏ, ಕೊಡು ಇಲ್ಲಿ! ಹತ್ತಕ್ಕ ಮಂದಿ ಬರತಾರ!"

"ಬರ್ಲಿ. ದಂಡಿ ಮ್ಯಾಗ ಕೂತು ಗಾಳಿ ಕುಡೀಲಿ."

"ಪೊಲೀಸರಿಗಿ ಹೇಳತೀನಿ."

"ಹೇಳ್ರಿ. ಏನಾಯ್ತು ಅಂತ ಅವರು ಮೊದಲು ನಮ್ಮವ್ವನ ಕೇಳತಾರ. ಕೇಳ್ಲಿ."

ಭೀಮವ್ವ ಮಗಳ ಸೆರಗು ಜಗ್ಗಿದಳು. "ಬ್ಯಾಡ ಯವ್ವಾ. ದೊಡ್ಡೋರ ಸುದ್ದಿ ನಮಗ್ಯಾಕ? ಆ ರಬ್ಬರ್ ಕಿತ್ತಿ ಒಗಿ. ಮೊದಲಿನಂಗ ಒದರ್ಕೋತ ಹೋಗ್ಲಿ. ನಾವು ಕೇಳಿ ಸರಕೋತೀವಿ."

"ಅಕಿ ಹೇಳೂದು ಖರೇ ಅದ ನೋಡು," ಎಂದು ಸಂಜುಕುಮಾರನೂ ದನಿಗೂಡಿಸಿದ.

ಸುಲಭದ ದಾರಿ ಅದೇ ಆಗಿತ್ತು. ಅರ್ಧ ಗಂಟೆಯಲ್ಲಿ ರಬ್ಬರೂ ಬೆಲ್ಟೂ ಕಿತ್ತು ಬೋಟಿಗೆ ಅದರ ಬಾಯಿ ವಾಪಸು ಕೊಟ್ಟರೆ ಎಲ್ಲರೂ ತಮ್ಮತಮ್ಮ ಮನೆಗೆ ಹೋಗಬಹುದಿತ್ತು. ಮಲ್ಲೇಶ್ವರಿ ಪೆಟ್ಟಿಗೆಯ ಕಡೆ ಒಮ್ಮೆ ನೋಡಿದಳು.

"ಕೀಳೂದಿಲ್ಲವ್ವ. ನಾ ಮಾಡಿದ್ದು ಛಲೋ ಕೆಲಸ. ಅದರಾಗ ತಪ್ಪಿಲ್ಲ. ನೀ ಯಾಕ ಸರೀಬೇಕು? ಹುಟ್ಟಿದಾಗಿಂದ ಆ ನೀರಾಗ ಕೂತೀದಿ. ಇವರು ಮೊನ್ನಿ ಬಂದಾರ. ಇವರ್ಗಿ ಸರೀಯಾಕ ಹೇಳು."

ಮಹೇಶಕುಮಾರ ಫೋನು ತೆಗೆದು ಶಹಾಪುರದ ಗಯಾಸ ಉಸ್ತಾದರಿಗೆ ಹಚ್ಚಿದ. ಎಲ್ಲರಿಗೂ ಕೇಳಲಿ, ಅದರಲ್ಲೂ ಈ ಹೆಂಗಸಿಗೆ ಕೇಳಲಿ ಎಂದು ಸ್ಪೀಕರಿಗೆ ಹಾಕಿದ. ನಾಲ್ಕು ಬೋಲ್ಟು ಹಾಕಿ ಗೆರೆ ಸರಿ ಮಾಡುವ ಕೆಲಸ, ಕಾರು ಕಳಿಸುತ್ತೇನೆ, ಕೇಳಿದಷ್ಟು ಕೊಡುತ್ತೇನೆ ಎಂದ. ಅತ್ತ ಕಡೆ ಉಸ್ತಾದರು ಎಲೆ ಅಡಿಕೆ ಉಗಿದ ಸದ್ದು ಬಂತು.

"ಬಿಚ್ಚಿದೋರು ಯಾರ್ರಿ ಸೇಠ್?"

"ಮಲ್ಲೇಶ್ವರಿ ಅಂತ. ರಂಗಂಪೇಟಿಯಾಕಿ."

"ಅಚ್ಛಾ. ಅಕಿ ಕೈ ಬಿಟ್ಟಾಳೇನು? ಪೈಲಾ ಅದು ಹೇಳ್ರಿ."

ಮಹೇಶಕುಮಾರ ಅವಳ ಕಡೆ ನೋಡಿದ. ಐದು ದಿನದ ಹಿಂದೆ ಅವನಿಗೆ ತಮಾಷೆಯಾಗಿದ್ದ ಸಂಗತಿ ಅದು.

"ಬಿಟ್ಟಿಲ್ರಿ ಉಸ್ತಾದ್," ಎಂದು ಮಲ್ಲೇಶ್ವರಿ ದೂರದಿಂದಲೇ ಗಟ್ಟಿಯಾಗಿ ಹೇಳಿದಳು.

"ಹಂಗಾದ್ರ ಮುಗೀತು. ಅಕಿ ಬಿಚ್ಚಿದ್ದು ಅಕಿನೇ ಹಾಕಬೇಕು. ಇನ್ನ್ಯಾರಿಗರೆ ಕೇಳ್ರಿ ಸೇಠ್, ಕೆಂಭಾವಿತನಕ ಕೇಳ್ರಿ." ಫೋನು ಕಟ್ಟಾಯಿತು.

ಅವನು ಕೇಳಿದ. ಸುರಪುರಕ್ಕೆ ಒಂದು, ಕೆಂಭಾವಿಗೆ ಒಂದು ಫೋನು ಹೋಯಿತು. ಎರಡೂ ಕಡೆ ಅದೇ ಪ್ರಶ್ನೆ ಬಂತು. ಅಷ್ಟರಲ್ಲಿ ಮಗುಚಿದ ಹರಿಗೋಲಿನ ಸುದ್ದಿ ಹನ್ನೊಂದು ಮನೆಗೂ ಮುಟ್ಟಿ, ಹೆಂಗಸರು ಗಂಡಸರು ದಂಡೆಯ ಮೇಲೆ ಬಂದು ಕೂತಿದ್ದರು. ಯಾರೂ ಜಗಳಕ್ಕೆ ಬಂದವರಂತಿರಲಿಲ್ಲ. ಕೂತು, ಹರಿದ ಬಲೆಯನ್ನು ಬಿಚ್ಚಿ ತೊಡೆಯ ಮೇಲೆ ಹರಡಿಕೊಂಡು ಹೊಲಿಯತೊಡಗಿದರು. ಮಹೇಶಕುಮಾರನಿಗೆ ಬೈಗುಳಕ್ಕಿಂತ ಆ ಹೊಲಿಗೆಯನ್ನು ನೋಡುವುದೇ ಕಷ್ಟವಾಯಿತು.

ಒಂಬತ್ತೂಮುಕ್ಕಾಲಿಗೆ ಅಣೆಕಟ್ಟಿನ ರಸ್ತೆಯಲ್ಲಿ ಎರಡು ಬಿಳಿ ಕಾರು ಕಂಡವು.

"ಎಲ್ಲಿ ಕಟ್ಟಬೇಕು ಹೇಳು ಮಾರಾಯ್ತಿ," ಎಂದ ಮಹೇಶಕುಮಾರ, ಅವಳ ಮುಖ ನೋಡದೆ.

"ನಾ ಹೇಳೂದಲ್ರಿ. ನಮ್ಮವ್ವ ಹೇಳತಾಳ."

ಬೋಟು ಕಟ್ಟುವ ತೇಲುಕಟ್ಟೆಗೆಂದು ತಂದಿಟ್ಟ ನೀಲಿ ಪ್ಲಾಸ್ಟಿಕ್ ಪೀಪಾಯಿಗಳಿದ್ದವು. ಅವನ್ನು ಸಾಲಾಗಿ ಹಗ್ಗಕ್ಕೆ ಕಟ್ಟಿ, ಹಗ್ಗದ ಒಂದು ತುದಿಯನ್ನು ಬಂಡೆಗೆ ಬಿಗಿದರು. ಇನ್ನೊಂದು ತುದಿ ಹಿಡಿದು ಭೀಮವ್ವ, ದಂಡೆಗೆ ಎಳೆತಂದು ನೆಟ್ಟಗೆ ಮಾಡಿದ್ದ ತನ್ನ ಹರಿಗೋಲು ಹತ್ತಿದಳು. ಬ್ಯಾಡ ಬ್ಯಾಡ ಎನ್ನುತ್ತಿದ್ದವಳು, ಹುಟ್ಟು ಕೈಗೆ ಬಂದದ್ದೇ ಬೇರೆಯೇ ಆದಳು. ಅವಳು ಹುಟ್ಟು ಹಾಕಿದಂತೆಲ್ಲ ಹಗ್ಗ ಬಿಚ್ಚಿಕೊಳ್ಳುತ್ತ, ಪೀಪಾಯಿಗಳು ಒಂದರ ಹಿಂದೊಂದು ನೀರಿಗಿಳಿದವು. ಬಂಡೆಯಿಂದ ನೇರ ದಂಡೆಗೆ ಬರುತ್ತಾಳೆಂದು ಮಹೇಶಕುಮಾರ ಎಣಿಸಿದ್ದ. ಅವಳು ಅವನ ಕಡೆಯ ನೀರನ್ನು ಒಳಗೆ ಹಾಕಿಕೊಳ್ಳುತ್ತ ಬಳಸಿ ಹೊರಟಳು.

"ಸಾಕು! ಸಾಕಬೇ!" ಎಂದು ಅವನು ಕೂಗಿದ.

ಭೀಮವ್ವನಿಗೆ ಕೇಳಿಸಿರಬೇಕು, ಆ ನೀರಿನ ಮೇಲೆ ಎಲ್ಲವೂ ಕೇಳಿಸುತ್ತದೆ. ಅವಳು ಇನ್ನೂ ಐವತ್ತು ಮಾರು ಹೋಗಿ, ತನ್ನ ಗಂಡ ಬಲೆ ಹಾಕುತ್ತಿದ್ದ ಮುಳ್ಳುಜಾಲಿಯ ಬೊಡ್ಡೆಗೆ ಹಗ್ಗ ಬಿಗಿದು ಬಂದಳು.

ಮಲ್ಲೇಶ್ವರಿ ಆಗ ಜೇಬಿನಿಂದ ಬೋಲ್ಟು ತೆಗೆದಳು. ಅವಸರ ಮಾಡಲಿಲ್ಲ. ಸಡಿಲಿಸಿದ್ದನ್ನು ಬಿಗಿದು, ತಗಡು ತೂರಿಸಿ ನಾಲ್ಕು ಕಡೆಯೂ ನೋಡಿ, ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಮಾಡಿದಳು. ಅತಿಥಿಗಳು ಬಿಸಿಲಿನಲ್ಲಿ ಅರ್ಧ ಗಂಟೆ ಎಳನೀರು ಕುಡಿಯುತ್ತ ನಿಂತರು.

"ನಾಳಿ ಆ ಹಗ್ಗ ಯಾರರೆ ಕೊಯ್ದ್ರ?" ಎಂದ ಮಹೇಶಕುಮಾರ, ಮೆಲ್ಲಗೆ.

"ಬೋಲ್ಟ ಬಿಚ್ಚಾಕ ನನಗ ಹತ್ತು ಮಿನಿಟ್ ಸಾಕ್ರಿ," ಎಂದು ಅವಳು ಮುಚ್ಚಳ ಹಾಕಿದಳು. "ಮತ್ತ ನಾ ಇನ್ನೂ ಕೈ ಬಿಟ್ಟಿಲ್ಲ."

ಬೋಟು ಹೊರಟಿತು. ದಂಡೆಯ ಮೇಲಿದ್ದವರಿಗೆ ನೀರು ಸೀಳುವ ಸಪ್ಪಳ ಬಿಟ್ಟರೆ ಒಳಗೆ ಕೂತವರ ಮಾತೇ ಕೇಳುತ್ತಿತ್ತು. ಹೈದರಾಬಾದಿನ ಹೆಂಗಸೊಬ್ಬಳು ಯಾವುದಕ್ಕೋ ನಕ್ಕದ್ದೂ ಕೇಳಿತು. ಬೋಟು ನೀಲಿ ಪೀಪಾಯಿಗಳ ಸಾಲಿನ ತನಕ ಓಡಿ, ಅಲ್ಲಿ ಮೂತಿ ತಿರುಗಿಸಿ ಹಿಂದಕ್ಕೆ ಹೊರಳಿತು. ಅದರ ಅಲೆ ಪೀಪಾಯಿಗಳನ್ನು ಕುಣಿಸಿ, ದಾಟಿ, ಆಚೆಯ ಹರಿಗೋಲನ್ನು ಒಮ್ಮೆ ಎತ್ತಿ ಇಳಿಸಿತು. ಭೀಮವ್ವ ಅದರಲ್ಲಿ ಬೋಟಿಗೆ ಬೆನ್ನು ಮಾಡಿ ಕೂತಿದ್ದಳು. ಬಲೆಯಿಂದ ಒಂದು ಜಿಲೇಬಿ ಮೀನನ್ನು ಬಿಡಿಸಿ, ಹಿಂದಿದ್ದ ಬುಟ್ಟಿಗೆ ಕೈಯಂದಾಜಿನಲ್ಲೇ ಎಸೆದಳು. ಅವಳು ತಿರುಗಿ ನೋಡಲಿಲ್ಲ.